ಸೋಪಿಗೆ ಬಗ್ಗದ ಹಳದಿ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ದೊರೆ ಎಂದೇ. ರಾಜ್ಯವೆಂದರೆ ನಾಲ್ಕು ಕುದಿಯುವ ತೊಟ್ಟಿ, ರಾಜದಂಡವೆಂದರೆ ಕಲಕುವ ಕೋಲು. ಕೈಗವಸು ಹಾಕುವುದು ಅವನ ಪ್ರಕಾರ ಹೇಡಿಗಳ ಲಕ್ಷಣ. ಹಾಗಾಗಿ ಕೆಂಪು ಕಲಸಿದ ವಾರ ಕೆಂಪಗೆ, ನೀಲಿಯ ವಾರ ನೀಲಿಯಾಗಿ ಮನೆಗೆ ಬರುತ್ತಿದ್ದ. ಕಾರ್ಖಾನೆಯಲ್ಲಿ ಯಾವ ಬಣ್ಣ ನಡೆದಿದೆಯೆಂದು ಹೆಂಡತಿ ಕೇಳುತ್ತಲೇ ಇರಲಿಲ್ಲ. ಗಂಡನ ಮೊಣಕೈ ನೋಡಿದರೆ ಸಾಕಿತ್ತು.

ಇಂಥ ದೊರೆಯನ್ನೂ ಒಂದು ಹಲ್ಲು ಮಣಿಸಿತು. ಬೇರಿನಲ್ಲಿ ಕೀವು ಕಟ್ಟಿತ್ತು. ಹಲ್ಲಿನ ಡಾಕ್ಟರು ಎಲ್ಲರಿಗೂ ಬರೆಯುವ ಆಂಟಿಬಯಾಟಿಕ್ ಬರೆದರು. ಮಾತ್ರೆ ಮುಗಿಯಿತು, ನೋವೂ ಹೋಯಿತು, ಹಲ್ಲಿನ ಕಥೆಯನ್ನು ಮನೆಯವರೆಲ್ಲ ಮರೆತರು.

ಕೆಲವು ವಾರ ಕಳೆದು ಹಳದಿಯ ಸರದಿ ಬಂತು. ದೊರೆಗೆ ಮೈಯೆಲ್ಲ ತುರಿಕೆ. ಅನ್ನ ಕಂಡರೆ ಓಕರಿಕೆ.

"ಏನ್ರೀ, ಈ ಸಲ ಕತ್ತಿನವರೆಗೂ ಹಳದಿ? ತೊಟ್ಟೀಲಿ ಈಜಿದ್ರಾ?"

"ದೊರೆ ಅಂದ್ಮೇಲೆ ಅಭಿಷೇಕ ಬೇಡ್ವೇನೇ?"

"ಉಚ್ಚೆನೂ ಕಂದು ಅಂತಿದ್ರಲ್ಲ."

"ಬಣ್ಣ ಒಳಗೂ ಇಳಿದಿರ್ಬೇಕು ಬಿಡು. ಅಪ್ಪಟ ಕೆಲಸಗಾರ ನಾನು!"

ಅವಳು ನಗುತ್ತಲೇ ಬೆನ್ನಿಗೆ ಸೋಪು ಹಚ್ಚಿ ಉಜ್ಜಿದಳು. ಇನ್ನೂ ಉಜ್ಜಿದಳು. ನೀರು ತಿಳಿಯಾಗಿಯೇ ಇಳಿಯಿತು. ಹಳದಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಗಲ್ಲ ಹಿಡಿದು ಅವನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಕಣ್ಣನ್ನೂ ತೊಟ್ಟೀಲಿ ಅದ್ದಿದ್ರೇನ್ರೀ?"

ದೊರೆ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡು ಅಂಗಿಗೆ ಕೈ ಚಾಚಿದ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೇಳಿದ್ದು ಒಂದೇ: ಇತ್ತೀಚೆಗೆ ಯಾವ ಮಾತ್ರೆ ನುಂಗಿದ್ದೀರಿ?

"ಹಲ್ಲಿಂದು, ತಾಯಿ. ಅದು ಮುಗಿದು ಎಷ್ಟೋ ಕಾಲವಾಯ್ತು. ಊರೇ ನುಂಗೋ ಮಾತ್ರೆ ಅದು."

"ಊರಿಗೆ ಏನೂ ಆಗಲ್ಲ. ಅಪರೂಪಕ್ಕೆ ಯಾರೋ ಒಬ್ಬರ ಲಿವರ್‌ನ ಹಾಳುಮಾಡುತ್ತೆ, ಮುಗಿಸಿದ ಎಷ್ಟೋ ವಾರದ ಮೇಲೂ. ಹೆಚ್ಚಿನವರು ಚೇತರಿಸ್ಕೋತಾರೆ. ನೀವು ಕಾಮಾಲೆನ ಬಣ್ಣ ಅಂದ್ಕೊಂಡು ತಡ ಮಾಡಿದ್ದೀರಿ." ಹೆಂಡತಿಯತ್ತ ತಿರುಗಿದರು. "ಲಿವರ್ ಪೂರ್ತಿ ಸೋತ್ರೆ ವಿಷ ತಲೆಗೇರುತ್ತೆ. ಇವರ ಮಾತು ಅಡ್ಡಾದಿಡ್ಡಿ ಆದ್ರೆ ತಕ್ಷಣ ಕೂಗಿ."

"ಹಾಗಾದ್ರೆ ಇವಳು ಮದುವೆ ಮಂಟಪದಲ್ಲೇ ಕೂಗ್ಬೇಕಿತ್ತು!" ಎಂದ ದೊರೆ. ನರ್ಸ್ ಕೂಡ ನಕ್ಕಳು.

ಹೆಂಡತಿ ನಗಲಿಲ್ಲ. ಅವನನ್ನು ಸೇರಿಸಿಕೊಂಡ ವಾರ್ಡಿನಲ್ಲಿ ಮಂಚದ ಪಕ್ಕ ಕೂತು ಅವನ ಒಂದೊಂದು ಕೀಟಲೆಯನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಜಾಲಾಡಿದಳು. ಇದು ತಮಾಷೆ. ಇದೂ ತಮಾಷೆ. ಮಧ್ಯಾಹ್ನ ಅವನಿಗೆ ಜೊಂಪು ಹತ್ತಿತು. ಎದ್ದವನು ಅವಳನ್ನು ನೋಡಿ ಬಹಳ ವಿನಯದಿಂದ ಹೇಳಿದ:

"ಮೇಡಂ, ನನ್ನ ಹೆಂಡ್ತಿ ಹೊರಗೆ ಕಾಯ್ತಿದ್ದಾಳೆ. ಸ್ವಲ್ಪ ಒಳಗೆ ಕರೀತೀರಾ?"

ಈಗ ಕಣ್ಣು ಹೊಡೆಯುತ್ತಾನೆ, ಈಗ ಹೊಡೆಯುತ್ತಾನೆ ಎಂದು ಅವಳು ಕಾದಳು. ಅವನು ಬಾಗಿಲನ್ನೇ ನೋಡುತ್ತಿದ್ದ.

"ಸಿಸ್ಟರ್!" ಎಂದು ಚೀರುತ್ತಾ ಅವಳು ಓಡಿದಳು.