ತಂಗಿಯ ಎಡಗಾಲು

ನನ್ನ ತಂಗಿಯ ಎಡಗಾಲಿನಲ್ಲಿ ಕೊನೆಯ ಎರಡು ಬೆರಳುಗಳಿಲ್ಲ. ಹೇಗೆ ಹೋಯಿತು ಎಂದು ಕೇಳಿದವರಿಗೆ ಅವಳು ಬಹಳ ದಿನ ಒಂದೇ ಉತ್ತರ ಕೊಡುತ್ತಿದ್ದಳು. "ಚಳಿಗೆ ಹೋಯ್ತು. ನಮ್ಮ ಅಣ್ಣ ಹತ್ತು ವರ್ಷದಿಂದ ಫ್ರೀಜರಲ್ಲೇ ಕೆಲಸ ಮಾಡುವವ. ಅವನಿಗೇ ಗೊತ್ತಾಗಲಿಲ್ಲ, ಇನ್ನು ನನಗೆ ಎಲ್ಲಿಂದ ಗೊತ್ತಾಗಬೇಕು?"

ನನಗೆ ಗೊತ್ತಾಗಿತ್ತು.

ದುಬೈಯ ಜೆಬೆಲ್ ಅಲಿಯ ಒಂದು ಕೋಲ್ಡ್ ಸ್ಟೋರಿನಲ್ಲಿ ನನ್ನ ಕೆಲಸ. ಕೋಳಿ, ಕುರಿಮಾಂಸ, ಬಟಾಣಿಯ ಪೆಟ್ಟಿಗೆಗಳನ್ನು ಇಳಿಸಿ ಜೋಡಿಸುವುದು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿದ್ದರೂ ಒಳಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ. ಇಪ್ಪತ್ತು ನಿಮಿಷ ಒಳಗಿದ್ದರೆ ಹತ್ತು ನಿಮಿಷ ಬೆಚ್ಚಗಿನ ಕೋಣೆಯಲ್ಲಿ ಕೂರಬೇಕು. ನಾನು ಸೇರಿದ ಮೊದಲ ವಾರ ಕೇರಳದ ಹಿರಿಯ ಸೂಪರ್‌ವೈಸರ್ ನನ್ನ ಕೈಗವಸು ಬಿಚ್ಚಿಸಿ ಒಂದೊಂದೇ ಬೆರಳನ್ನು ಒತ್ತಿ ನೋಡಿದರು.

"ನೋವುಂಟಾ?"

"ಉಂಟು ಸಾರ್, ಜೀವ ಹೋಗುತ್ತದೆ."

"ಹಾಗಾದರೆ ಬೆರಳು ಇನ್ನೂ ನಿನ್ನದು. ನೋವು ನಿಂತು, ಮೇಣದ ಹಾಗೆ ಬಿಳಿಯಾದರೆ ಸೀದಾ ಡಾಕ್ಟರ ಹತ್ತಿರ ಹೋಗು. ಬಿಸಿ ಮಾಡಿಕೊಂಡು ವಾಪಸ್ ಒಳಗೆ ಬರಬೇಡ. ಒಮ್ಮೆ ಕರಗಿದ್ದು ಮತ್ತೆ ಹೆಪ್ಪುಗಟ್ಟಿದರೆ ಖಲಾಸ್."

ಅವರು ಹೇಳಿದ್ದು ಸತ್ಯವೆಂದು ಮರುವರ್ಷವೇ ನೋಡಿದೆ. ನೇಪಾಳದ ಒಬ್ಬ ಬಿಳಿಯಾದ ಕೈಬೆರಳನ್ನು ಯಾರಿಗೂ ತೋರಿಸದೆ ಚಹಾದ ಲೋಟಕ್ಕೆ ಒತ್ತಿ ಬಿಸಿ ಮಾಡಿಕೊಂಡು ಮತ್ತೆ ಒಳಗೆ ಹೋದ. ತಿಂಗಳೊಳಗೆ ಆ ಬೆರಳಿಲ್ಲದೆ ಊರಿಗೆ ಹೋದ. ಆಮೇಲೆ ಹೊಸದಾಗಿ ಸೇರಿದವರ ಬೆರಳು ಒತ್ತಿ ನೋಡಿ ಈ ಪಾಠ ಹೇಳುವ ಕೆಲಸ ನನ್ನದಾಯಿತು. ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಬೇರೆಯವರಿಗೆ ಕಲಿಸಲು ನನಗೆ ಗೊತ್ತಿದ್ದ ಒಂದೇ ವಿದ್ಯೆ ಅದು.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಮ್ಮದು ಉಡುಪಿಯ ಕಡೆ ಕಡಲ ದಂಡೆಯ ಊರು. ಮೀನಿನ ಪೆಟ್ಟಿಗೆಗೆ ಸುರಿಯುವ ಐಸು ಬಿಟ್ಟರೆ ಬೇರೆ ಹಿಮ ನಾವು ಕಂಡವರಲ್ಲ. ಅವಳನ್ನು ದುಬೈಗೆ ಕರೆಸಿದ್ದು ನಾನೇ. ಅಲ್ಲಿಯ ಒಂದು ಶಾಪಿಂಗ್ ಮಾಲಿನ ಒಳಗೆ ಜಾರಲು ಹಿಮದ ಗುಡ್ಡ ಮಾಡಿದ್ದಾರಲ್ಲ, ಅಲ್ಲಿ ಜನರ ಕಾಲಿನ ಅಳತೆ ನೋಡಿ ಬಾಡಿಗೆಯ ಬೂಟು ಕೊಡುವ ಕೌಂಟರಿನಲ್ಲಿ ಅವಳಿಗೆ ಕೆಲಸವಾಯಿತು. ಸತ್ವಾ ಎಂಬ ಬಡಾವಣೆಯ ಒಂದು ಹಳೆಯ ವಿಲ್ಲಾದಲ್ಲಿ ಪ್ಲೈವುಡ್ ಹೊಡೆದು ಮಾಡಿದ ಕೋಣೆ ನಮ್ಮದು. ನಡುವೆ ಒಂದು ಪರದೆ. ಸಂಜೆ ಇಬ್ಬರೂ ಮೂಗು ಸೊರ ಸೊರ ಎನ್ನಿಸುತ್ತಾ ಬರುತ್ತಿದ್ದೆವು. "ಊರಲ್ಲಿ ಹೇಳಿದರೆ ನಗಾಡ್ತಾರೆ ಅಣ್ಣಾ, ಗಲ್ಫಿಗೆ ಹೋದವರಿಗೆ ಶೀತವಂತೆ," ಎನ್ನುತ್ತಿದ್ದಳು.

ಮಾಲು ತೆರೆಯುವ ಮೊದಲು ಕೆಲಸದವರು ಗುಡ್ಡದ ಮೇಲೆ ಅಭ್ಯಾಸ ಮಾಡಬಹುದಿತ್ತು. ಸ್ಕೀ ಕಲಿಸುವ ಜಾರ್ಜಿಯಾ ದೇಶದ ಕೋಚ್ ಒಬ್ಬರು ಇವಳ ಹಟ ನೋಡಿ ಪಾಠ ಹೇಳಿಕೊಟ್ಟರು. ಮೂರು ವರ್ಷ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಿದ್ದು ಎದ್ದು ಕಲಿತಳು. ಆಮೇಲೆ ಆ ಕೋಚ್ ತನ್ನ ಊರಿನ ಬೆಟ್ಟದಲ್ಲಿ ಪ್ರತಿ ಚಳಿಗಾಲ ನಡೆಯುವ ಪಂದ್ಯಕ್ಕೆ ಕೆಲಸದವರಲ್ಲಿ ನಾಲ್ವರನ್ನು ಕರೆದುಕೊಂಡು ಹೋಗುವುದಾಗಿ ಹೇಳಿದರು. ಕಂಬಗಳ ನಡುವೆ ತಿರುಗಿ ತಿರುಗಿ ಇಳಿಯುವ ಪಂದ್ಯ, ಯಾರು ಬೇಕಾದರೂ ಸೇರಬಹುದು. ದುಬೈ ವೀಸಾ ಇದ್ದವರಿಗೆ ಜಾರ್ಜಿಯಾಕ್ಕೆ ಬೇರೆ ವೀಸಾ ಬೇಡ. ನಾಲ್ವರಲ್ಲಿ ನನ್ನ ತಂಗಿಯೂ ಒಬ್ಬಳು.

ಇಲ್ಲಿ ನನ್ನ ಆಸೆಯ ವಿಷಯ ಹೇಳಬೇಕು. ಅಬುಧಾಬಿಯಲ್ಲಿ ನಮ್ಮ ಊರಿನವರ ಒಂದು ಸಂಘವಿದೆ. ಅದರ ಕಾರ್ಯಕ್ರಮಗಳಲ್ಲಿ ಹತ್ತು ವರ್ಷ ನಾನು ಕುರ್ಚಿ ಹಾಕಿದ್ದೇನೆ, ಬಡಿಸಿದ್ದೇನೆ, ಎಂಜಲೆಲೆ ಎತ್ತಿದ್ದೇನೆ. ವೇದಿಕೆಯ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸುವವನೂ ನಾನೇ. ಅಲ್ಲಿ ಕೂರುವವರು ಬೇರೆ. ಪಂದ್ಯದ ಸುದ್ದಿ ಹೇಳಿದಾಗ ಸಂಘದ ಕಾರ್ಯದರ್ಶಿ ನನ್ನ ಬೆನ್ನು ತಟ್ಟಿ, "ಪದಕ ತರಲಿ ಮಾರಾಯ್ರೆ, ಈ ವರ್ಷ ಸನ್ಮಾನ ಮಾಡಿಯೇ ಬಿಡುವಾ. ಮನೆಯವರನ್ನೂ ಮೇಲೆ ಕರೆದು ಕೂರಿಸುವ ಕ್ರಮ ಉಂಟಲ್ಲ, ನೀವೂ ರೆಡಿಯಾಗಿ," ಎಂದರು. ಅವತ್ತಿನಿಂದ ಯಾವ ಅಂಗಿ ಹಾಕುವುದು ಎಂದು ಯೋಚಿಸಲು ಶುರುಮಾಡಿದೆ.

ಪಂದ್ಯ ಎರಡು ದಿನದ್ದು. ಎರಡೂ ದಿನದ ಸಮಯ ಕೂಡಿಸಿ ಸ್ಥಾನ ಕೊಡುತ್ತಾರೆ. ಮೊದಲ ದಿನ ಮಧ್ಯಾಹ್ನ ಅವಳ ಮೆಸೇಜು ಬಂತು: ಹೆಂಗಸರಲ್ಲಿ ಈಗ ಮೂರನೆಯವಳು. ನಾನು ಕೂಡಲೇ ಕಾರ್ಯದರ್ಶಿಗೆ ಫೋನು ಮಾಡಿದೆ. "ಪಟ್ಟಿಯಲ್ಲಿ ಹೆಸರು ಹಾಕುತ್ತೇನೆ," ಎಂದರು.

ಡ್ಯೂಟಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದೆ. ಇನ್ನೂ ಸೂರ್ಯ ಮುಳುಗಿರಲಿಲ್ಲ. ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಆಗ ಇಲ್ಲಿ ಸರಕಾರ ಅದರಲ್ಲಿ ಕಾಲ್ ಮಾಡಲು ಬಿಡುತ್ತಿರಲಿಲ್ಲ, ಚಿತ್ರ ಮತ್ತು ಬರಹ ಕಳಿಸಬಹುದಿತ್ತು. ಟವೆಲಿನ ಮೇಲೆ ಇಟ್ಟ ಎಡಗಾಲು. ಕೊನೆಯ ಎರಡು ಬೆರಳು ಮೇಣದಬತ್ತಿಯ ತುಂಡುಗಳ ಹಾಗಿದ್ದವು. ಕೆಳಗೆ ಬರೆದಿದ್ದಳು: "ಅಣ್ಣ ಇದು ಎಂತ ನೋಡು. ಮೇಲೆ ಕಾಯುವಾಗ ಭಾರಿ ಗಾಳಿ ಇತ್ತು. ಬೂಟೂ ಬಿಗಿ. ಮೊದಲು ಮುಟ್ಟಿದ್ದೇ ಗೊತ್ತಾಗಲಿಲ್ಲ, ಈಗ ಬಿಸಿನೀರಲ್ಲಿ ಇಟ್ಟ ಮೇಲೆ ಚುಚ್ಚುತ್ತಾ ಉಂಟು. ಕೋಚಿಗೆ ಹೇಳಬೇಕಾ? ನಾಳೆ ಇಳಿಯಬಹುದಾ?"

ನೇಪಾಳದವನ ಬೆರಳು ನನಗೆ ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. "ಇಳಿಯಬೇಡ, ಈಗಲೇ ಡಾಕ್ಟರಲ್ಲಿ ಹೋಗು" ಎಂದು ಬರೆದೆ. ಕಳಿಸುವ ಮೊದಲು ತಡೆದೆ. ಪಟ್ಟಿಯಲ್ಲಿ ಹೆಸರು ಹಾಕಿದ್ದಾರೆ. ಇನ್ನು ಒಂದೇ ಇಳಿತ, ಎರಡು ನಿಮಿಷದ ಕೆಲಸ. ಎರಡು ನಿಮಿಷದಲ್ಲಿ ಏನಾಗುತ್ತದೆ? ಬಸ್ಸು ಎರಡು ಸಿಗ್ನಲು ದಾಟುವವರೆಗೆ ಆ ಅಕ್ಷರಗಳನ್ನೇ ನೋಡುತ್ತಾ ಕೂತೆ. ಅಳಿಸಿದೆ. ಮತ್ತೆ ಬರೆದೆ: "ಎಂತ ಇಲ್ಲ. ನಮ್ಮಲ್ಲಿ ದಿನಾ ಆಗ್ತದೆ. ನಾಳೆ ಎರಡು ಸಾಕ್ಸ್ ಹಾಕು. ಕೋಚಿಗೆ ಹೇಳಿ ಗಾಬರಿ ಮಾಡಬೇಡ. ಇಳಿ."

ಬಿಗಿ ಬೂಟಿಗೆ ಎರಡು ಸಾಕ್ಸ್ ಹಾಕಿದರೆ ರಕ್ತ ಇನ್ನೂ ಕಡಿಮೆ ಹೋಗುತ್ತದೆ. ಅದೂ ನನಗೆ ಗೊತ್ತಿತ್ತು.

"ಸರಿ ಅಣ್ಣ. ನೀನು ಹೇಳಿದ ಮೇಲೆ ಧೈರ್ಯ ಬಂತು," ಎಂದು ಬರೆದಳು.

ಮರುದಿನ ಪ್ರತಿ ಸಲ ಫ್ರೀಜರಿನಿಂದ ಹೊರಗೆ ಬಂದಾಗ ಲಾಕರಿನಿಂದ ಫೋನು ತೆಗೆದು ನೋಡುತ್ತಿದ್ದೆ. ಇಳಿದಾಯಿತಾ ಎಂದು ಬೆಳಿಗ್ಗೆ ನಾನು ಕಳಿಸಿದ ಮೆಸೇಜಿಗೆ ಒಂದೇ ಟಿಕ್, ಅವಳಿಗೆ ಮುಟ್ಟಿಯೇ ಇಲ್ಲ. ಅವತ್ತು ಬಿಹಾರದ ಒಬ್ಬ ಹೊಸಬ ಸೇರಿದ್ದ. ಅವನ ಬೆರಳು ಒತ್ತಿ, ನೋವುಂಟಾ ಎಂದು ಕೇಳಿದೆ. ನೋವು ನಿಂತು ಬಿಳಿಯಾದರೆ ಎನ್ನುವಷ್ಟಕ್ಕೆ ನಿಲ್ಲಿಸಿ ಅವನ ಕೈಗವಸು ವಾಪಸ್ ಕೊಟ್ಟೆ. "ಅದು ಬಿಳಿಯಾದರೆ ಏನು ಮಾಡಬೇಕು ಭಾಯಿ?" ಎಂದು ಅವನೇ ಕೇಳಿದ. ಸೂಪರ್‌ವೈಸರ್ ಹತ್ತಿರ ಕೇಳು ಎಂದು ಹೇಳಿ ಎದ್ದುಹೋದೆ.

ಮೂರು ಗಂಟೆಗೆ ಬಂತು: "ನಾಲ್ಕು!! ಅಣ್ಣಾ ನಾನು ನಾಲ್ಕನೆಯವಳು!!"

ಹಿಮದಲ್ಲೇ ಹುಟ್ಟಿ ಬೆಳೆದವರ ನಡುವೆ, ಬೂಟು ಬಾಡಿಗೆಗೆ ಕೊಡುವ ಕಡಲ ತೀರದ ಹುಡುಗಿ ನಾಲ್ಕನೆಯವಳು. ನಾನು ಬರೆದದ್ದು ಇಷ್ಟು: "ಎಷ್ಟರಲ್ಲಿ ತಪ್ಪಿತು?" ಕಾಲು ಹೇಗಿದೆ ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂದು ಹೆದರಿದ್ದೆ. ಕಾರ್ಯದರ್ಶಿಗೆ ಫೋನು ಮಾಡಿದೆ. "ಛೆ, ನಾಲ್ಕಾ? ಕೈಗೆ ಬಂದದ್ದು ಹೋಯ್ತಲ್ಲ ಮಾರಾಯ್ರೆ. ಇರಲಿ, ಮುಂದಿನ ಸಲ ನೋಡುವಾ," ಎಂದರು.

ವಿಮಾನ ನಿಲ್ದಾಣದಲ್ಲಿ ಅವಳನ್ನು ಗಾಲಿಕುರ್ಚಿಯಲ್ಲಿ ತಂದರು. ಕಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜು. "ವಿಐಪಿ ಹಾಗೆ ತಂದರು ಅಣ್ಣಾ, ಲೈನೇ ನಿಲ್ಲಲಿಲ್ಲ," ಎಂದು ನಕ್ಕಳು. ಅವಳ ತುಟಿಯಲ್ಲಿ ರಕ್ತವಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಕಾಲನ್ನು ಬಹಳ ಹೊತ್ತು ನೋಡಿದರು. "ಮೊದಲ ದಿನ ನಿಂತಿದ್ದರೆ ಉಳಿಯುತ್ತಿತ್ತೇನೋ. ಕರಗಿದ ಮೇಲೆ ಎರಡನೆಯ ಸಲ ಹೆಪ್ಪುಗಟ್ಟಿದೆ. ನಡುವೆ ಯಾರಿಗೂ ತೋರಿಸಲಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು.

"ಇವನಿಗೆ ಫೋಟೋ ಕಳಿಸಿದ್ದೆ. ಇವನಿಗೂ ಗೊತ್ತಾಗಲಿಲ್ಲ," ಎಂದಳು ತಂಗಿ.

ಡಾಕ್ಟರು ನನ್ನ ಕಡೆ ತಿರುಗಿದರು. "ಎಲ್ಲಿ ಕೆಲಸ ನಿಮ್ಮದು?"

"ಜೆಬೆಲ್ ಅಲಿಯಲ್ಲಿ."

"ಏನು ಕೆಲಸ?"

"ಸ್ಟೋರಿನಲ್ಲಿ," ಎಂದೆ. ಎಂಥ ಸ್ಟೋರು ಎಂದು ಹೇಳಲಿಲ್ಲ.

ಕೂಡಲೇ ಕತ್ತರಿಸುವುದಿಲ್ಲ, ಕಾಯಬೇಕು ಎಂದರು. ಬದುಕಿದ ಚರ್ಮ ಎಲ್ಲಿಯವರೆಗೆ, ಸತ್ತದ್ದು ಎಲ್ಲಿಂದ ಎಂದು ಕಾಲೇ ಗೆರೆ ಹಾಕಿ ತೋರಿಸುತ್ತದಂತೆ. ಹತ್ತು ವಾರ ಕಾದೆವು. ಕೆಲಸಕ್ಕೆ ಹೋಗುವ ಮೊದಲು ಹತ್ತಿ ಬಿಚ್ಚಿ ಮದ್ದು ಹಾಕುವವನು ನಾನು. ಬೆರಳುಗಳು ಮೊದಲು ನೀಲಿಯಾದವು, ಆಮೇಲೆ ಕಪ್ಪಾಗಿ ಒಣಗಿ ಹುಣಸೆಹಣ್ಣಿನ ಹಾಗೆ ಸುಕ್ಕಿದವು. ಗೆರೆ ದಿನಾ ಸ್ವಲ್ಪ ಸ್ಪಷ್ಟವಾಗುತ್ತಿತ್ತು. ಅದು ಮೂರನೆಯ ಬೆರಳಿಗೂ ಹತ್ತುತ್ತದೆಯೋ ಎಂದು ಬೆಳಿಗ್ಗೆ ಏಳುವಾಗಲೇ ಹೆದರುತ್ತಿದ್ದೆ. ಅವಳು ಮುಖ ತಿರುಗಿಸಿ, "ಇವತ್ತು ಹೇಗುಂಟು?" ಎಂದು ಕೇಳುತ್ತಿದ್ದಳು. "ನಿನ್ನೆಯ ಹಾಗೇ ಉಂಟು," ಎನ್ನುತ್ತಿದ್ದೆ. ಬಾಯಿಯ ತುದಿಗೆ ಬಂದ ಮಾತನ್ನು ದಿನಾ ಬ್ಯಾಂಡೇಜಿನ ಜೊತೆ ಸುತ್ತಿ ಮುಚ್ಚಿದೆ.

ಒಂದು ಶುಕ್ರವಾರ ಕಾರ್ಯದರ್ಶಿ ಕಿತ್ತಳೆ ಹಣ್ಣು ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. ಕಾಲು ನೋಡಿ ಅವರ ಕಣ್ಣಲ್ಲಿ ನೀರು ಬಂತು. "ಪದಕ ಇಲ್ಲದಿದ್ದರೆ ಎಂತ? ಇಂಥವರಿಗೆ ಮಾಡದೆ ಇನ್ನು ಯಾರಿಗೆ ಸನ್ಮಾನ ಮಾಡುವುದು? ತಪ್ಪು ನಮ್ಮದು. ಮೇ ತಿಂಗಳಲ್ಲಿ ವಾರ್ಷಿಕೋತ್ಸವ ಉಂಟು. ನೀವೂ ಮೇಲೆ ಬಂದು ಎರಡು ಮಾತಾಡಬೇಕು ಮಾರಾಯ್ರೆ."

"ಅಣ್ಣ ಮಾತಾಡುವುದಾ?" ತಂಗಿ ನಕ್ಕಳು. "ಮೈಕಿನ ವಯರು ಸುತ್ತಲಿಕ್ಕೆ ಹೇಳಿ, ಚಂದ ಸುತ್ತುತ್ತಾನೆ."

ನಾನು ಬಯಸಿದ್ದು ನನಗೆ ಸಿಕ್ಕಿತ್ತು.

ಏಪ್ರಿಲಿನಲ್ಲಿ ಎರಡು ಬೆರಳು ತೆಗೆದರು. ಮೇ ತಿಂಗಳಲ್ಲಿ ಅಬುಧಾಬಿಯ ಸಭಾಂಗಣಕ್ಕೆ ಕುಂಟುತ್ತಾ ಬಂದಳು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಅವಳ ಪಕ್ಕ ನಾನು ಕೂತೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವಳು ಮೈಕಿನ ಮುಂದೆ ನಿಂತು ಆ ಬೆಟ್ಟದ ಊರಿನ ಒಂದು ಕ್ರಮದ ಬಗ್ಗೆ ಹೇಳಿದಳು. ಅಲ್ಲಿ ಕೊನೆಯವರು ಇಳಿಯುವವರೆಗೆ ಗೆದ್ದವರಿಗೂ ಪದಕ ಕೊಡುವುದಿಲ್ಲವಂತೆ. ಮೊದಲು ಬಂದವರು, ಐದನೆಯವರು, ಎಲ್ಲರೂ ಕೆಳಗೆ ಹಿಮದಲ್ಲಿ ನಿಂತು ಕಾಯಬೇಕಂತೆ.

"ಕೊನೆಗೆ ಉಳಿದದ್ದು ಒಬ್ಬರು ಹೆಂಗಸು, ನಮ್ಮ ಅಮ್ಮನ ಪ್ರಾಯ. ಮೂರು ಸಲ ಬಿದ್ದರು. ನಾವೆಲ್ಲ ಪಾತ್ರೆ ಬಡಿದು ಕೂಗುತ್ತಾ ಇದ್ದೆವು. ಅರ್ಧ ಗಂಟೆ ನಿಂತೆವೋ ಏನೋ. ನನಗೆ ಕಾಲೇ ಇಲ್ಲದ ಹಾಗೆ ಆಗಿತ್ತು. ಹೋಗಬಹುದಿತ್ತು. ಆದರೆ ಅವರು ಬರುವ ಮೊದಲು ಹೇಗೆ ಹೋಗುವುದು? ನೀವು ಇವತ್ತು ನಾಲ್ಕನೆಯವಳಿಗೆ ಶಾಲು ಹೊದಿಸಿದ್ದೀರಿ. ಇದರಲ್ಲಿ ಅರ್ಧ ಅವರದ್ದು." ಚಪ್ಪಾಳೆ ಬಿತ್ತು. ಆಮೇಲೆ ನನ್ನ ಕಡೆ ಕೈ ತೋರಿಸಿದಳು. "ಹಿಂದಿನ ದಿನ ನಾನು ಹೆದರಿದ್ದೆ. ಅಣ್ಣ ಇಳಿ ಅಂದ. ಇಳಿದೆ."

ಮತ್ತೆ ಚಪ್ಪಾಳೆ ಬಿತ್ತು, ಈ ಸಲ ನನಗೆ. ನಾನು ಎದ್ದು, "ನನ್ನ ತಂಗಿ ಧೈರ್ಯದವಳು," ಎಂದು ಹೇಳಿ ಕೂತೆ. ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು.

ಸಂಜೆಯ ಬಸ್ಸಿನಲ್ಲಿ ದುಬೈಗೆ ಹೊರಟೆವು. ಅವಳ ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಬಸ್ಸು ಊರು ದಾಟಿ ಮರಳಿನ ನಡುವೆ ಹೋಗುವಾಗ ಹೇಳಿದೆ. "ಆ ಫೋಟೋ ನೋಡಿದಾಗಲೇ ನನಗೆ ಗೊತ್ತಿತ್ತು. ಬೆರಳು ಹೋಗಬಹುದು ಅಂತ ಗೊತ್ತಿತ್ತು."

ಅವಳು ಹಣ್ಣಿನ ಬುಟ್ಟಿಯನ್ನು ತೊಡೆಯಿಂದ ಇಳಿಸಿ ಕೆಳಗೆ ಇಟ್ಟಳು. ಆಮೇಲೆ ಕೇಳಿದಳು. "ಅವತ್ತು ಟೈಪಿಂಗ್ ಟೈಪಿಂಗ್ ಅಂತ ಬಹಳ ಹೊತ್ತು ತೋರಿಸುತ್ತಿತ್ತು. ಮೊದಲು ಎಂತ ಬರೆದಿದ್ದೆ?"

"ಇಳಿಯಬೇಡ, ಡಾಕ್ಟರಲ್ಲಿ ಹೋಗು ಅಂತ."

"ಮತ್ತೆ ಯಾಕೆ ಕಳಿಸಲಿಲ್ಲ?"

"ವೇದಿಕೆಯಲ್ಲಿ ಕೂರುವ ಆಸೆ ಇತ್ತು."

ಅವಳು ಕಿಟಕಿಯ ಕಡೆ ತಿರುಗಿದಳು. "ಇಳಿಯಬಾರದು ಅಂತ ನನಗೂ ಅನ್ನಿಸಿತ್ತು ಅಣ್ಣ. ಅಲ್ಲಿದ್ದವರೆಲ್ಲ ಇಳಿ, ಇಳಿ ಅಂತಲೇ ಹೇಳುವವರು. ಬೇಡ ಅಂತ ಒಬ್ಬ ಹೇಳಿದರೆ ಸಾಕಿತ್ತು ನನಗೆ. ಅದಕ್ಕೇ ನಿನಗೆ ಕಳಿಸಿದ್ದು."

ದುಬೈಯಲ್ಲಿ ಬುಟ್ಟಿಯನ್ನು ತಾನೇ ಎತ್ತಿಕೊಂಡು ಇಳಿದಳು.

ಆ ವರ್ಷವೇ ಅವಳು ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ಕೆಲಸ ಹಿಡಿದು ಅಬುಧಾಬಿಗೆ ಹೋದಳು. ಜಗಳ ಮಾಡಲಿಲ್ಲ. ಶುಕ್ರವಾರ ಫೋನು ಮಾಡುತ್ತಾಳೆ, ಮೀನಿಗೆ ಎಷ್ಟು ಎಂದು ಹೇಳುತ್ತಾಳೆ, ಶಾಲೆಯ ಮಕ್ಕಳ ಸುದ್ದಿ ಹೇಳಿ ನಗಿಸುತ್ತಾಳೆ. ಆದರೆ ಏನು ಮಾಡಲಿ ಎಂದು ಮಾತ್ರ ಕೇಳುವುದಿಲ್ಲ. ಮನೆ ಬದಲಿಸಿದ್ದು, ಬಂದ ಸಂಬಂಧವೊಂದನ್ನು ಬೇಡವೆಂದದ್ದು, ಎಲ್ಲವೂ ಆದ ಮೇಲೆಯೇ ನನಗೆ ತಿಳಿಯುವುದು.

ಹೋದ ತಿಂಗಳು ಅದೇ ಬೆಟ್ಟದ ಪಂದ್ಯಕ್ಕೆ ಮತ್ತೆ ಹೋಗುತ್ತೇನೆ ಎಂದಳು. ಒಮ್ಮೆ ಚಳಿ ಹೊಡೆದ ಕಾಲಿಗೆ ಎರಡನೆಯ ಸಲ ಬೇಗ ಹೊಡೆಯುತ್ತದೆ, ಅದೂ ನನಗೆ ಗೊತ್ತು. "ಬೇಡ," ಎಂದೆ. ದೊಡ್ಡದಾಗಿಯೇ ಹೇಳಿದೆ, ಪಕ್ಕದ ಪ್ಲೈವುಡ್ ಕೋಣೆಯವರು ಬಾಗಿಲ ಪರದೆ ಸರಿಸಿ ನೋಡಿದರು.

"ನಿನ್ನತ್ರ ಕೇಳಿದ್ದಲ್ಲ ಅಣ್ಣ," ಎಂದಳು ಮೆತ್ತಗೆ. "ಹೇಳಿದ್ದು ಅಷ್ಟೆ."

ಇದನ್ನು ಬರೆಯುವಾಗ ಅವಳು ಅಲ್ಲಿದ್ದಾಳೆ. ಇವತ್ತು ಮೊದಲ ದಿನದ ಇಳಿತ. ಎಷ್ಟನೆಯವಳಾಗಿ ಬಂದಳು ಎಂದು ನನಗೆ ಗೊತ್ತಾಗಬೇಕಾಗಿಲ್ಲ. ಸಂಜೆಯಾಗುತ್ತಾ ಬಂತು. ಫೋನು ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಫೋಟೋ ಯಾವುದೂ ಬಂದಿಲ್ಲ. ಕಾಲು ಚೆನ್ನಾಗಿದೆ ಎಂದು ಕಳಿಸಲಿಲ್ಲವೋ, ಇನ್ನು ನನಗೆ ತೋರಿಸುವುದು ಬೇಡವೆಂದು ಕಳಿಸಲಿಲ್ಲವೋ, ತಿಳಿದುಕೊಳ್ಳುವ ದಾರಿ ನನಗಿಲ್ಲ.