ಸೊಟ್ಟ ಹಲ್ಲು ನೆಟ್ಟಗಾದದ್ದು

ಹಲ್ಲು ಕಟ್ಟುವ ಆ ಸಣ್ಣ ಕಾರ್ಖಾನೆಗೆ ತರಬೇತಿಗೆಂದು ಹೋದ ಮೊದಲ ದಿನವೇ ಅವಳಿಗೆ ‘ಕಾಲೇಜು’ ಎಂಬ ಹೆಸರು ಬಿತ್ತು. ಇಟ್ಟವಳು ಪಾಲಿಶ್ ಅಕ್ಕ. ಸಿದ್ಧವಾದ ಹಲ್ಲುಸೆಟ್ಟುಗಳನ್ನು ಗಿರಗಿರ ತಿರುಗುವ ಬಟ್ಟೆಚಕ್ರಕ್ಕೆ ಹಿಡಿದು ಹೊಳಪು ಕೊಡುವುದು ಅಕ್ಕನ ಕೆಲಸ. ಅಲ್ಲಿದ್ದ ಆಳು ಅವಳೊಬ್ಬಳೇ. ಮೇಲೆ ಯಜಮಾನರು, ಕೆಳಗೆ ಈಗ ಬಂದ ಕಾಲೇಜು.

ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಪ್ಲಾಸ್ಟರಿನ ಧೂಳು, ಇನ್ನೊಂದರಲ್ಲಿ ಕಾದ ಮೇಣದ ವಾಸನೆ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತಿದ್ದರು. ಇಲ್ಲಿ ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆ ಮಾಡಿ, ಮೇಣದ ವಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಬಾಯಲ್ಲಿಟ್ಟು ನೋಡಲೆಂದು ಹಿಂದಕ್ಕೆ ಕಳಿಸುವರು. ಡಾಕ್ಟರು ಸರಿ ಎಂದ ಮೇಲೆ ಗಟ್ಟಿ ಸೆಟ್ಟು. ಹೀಗೆ ಬಾಯಿಗಳು ಬರುತ್ತಿದ್ದವು, ಬಾಯಿಗಳು ಹೋಗುತ್ತಿದ್ದವು. ಬಾಯಿಯ ಒಡೆಯರು ಮಾತ್ರ ಆ ಮೆಟ್ಟಿಲು ಹತ್ತುತ್ತಿರಲಿಲ್ಲ.

ಅವಳದು ಮಾಮೂಲಿ ವಿದ್ಯಾರ್ಥಿಗಳ ವಯಸ್ಸಲ್ಲ. ಮದುವೆ, ಬಸುರು, ಮಗು ಎಂದು ನಡುವೆ ಕೈಬಿಟ್ಟಿದ್ದ ಡಿಪ್ಲೊಮಾವನ್ನು ಮತ್ತೆ ಹಿಡಿದಿದ್ದಳು. ಪುಟ್ಟಿಗೆ ಮಾತು ಇನ್ನೂ ತೊದಲು. ಅವಳನ್ನು ನೋಡಿಕೊಳ್ಳಲು ಅತ್ತೆ ಒಪ್ಪಿದ್ದು ತರಬೇತಿ ಮುಗಿಯುವವರೆಗೆ ಮಾತ್ರ. ಆಮೇಲೆ ಅವರು ಹೆರಿಗೆ ಹತ್ತಿರವಾಗಿದ್ದ ಮಗಳ ಊರಿಗೆ ಹೊರಡಬೇಕಿತ್ತು.

“ಈ ಸಲ ದಡ ಸೇರ್ಕೊಂಡ್ಬಿಡಮ್ಮ. ಇನ್ನೊಂದ್ಸಲ ಅಂದ್ರೆ ನನ್ನ ಕೈಲಾಗಲ್ಲ,” ಎಂದಿದ್ದರು ಅತ್ತೆ.

ದಡ ಸೇರಿಸುವುದು, ನಡುನೀರಲ್ಲಿ ಬಿಡುವುದು ಎರಡೂ ಯಜಮಾನರ ಕೈಯಲ್ಲಿತ್ತು. ಕೊನೆಗೆ ಕಾಲೇಜಿನ ಮೇಷ್ಟ್ರು ಫೋನ್ ಮಾಡಿ ಹುಡುಗಿ ಹೇಗೆ ಎಂದು ಕೇಳುತ್ತಾರೆ. ಯಜಮಾನರು ಆಗಬಹುದು ಎಂದರೆ ಪಾಸು. ಇಲ್ಲವೆಂದರೆ ಇಡೀ ತರಬೇತಿ ಮತ್ತೆ ಮೊದಲಿಂದ.

ಆದರೆ ಯಜಮಾನರಿಗೆ ಏನು ಬೇಕು ಎಂಬುದೇ ಅವಳಿಗೆ ಹತ್ತಲಿಲ್ಲ, ಹರಿಯಲಿಲ್ಲ. ಮೇಣ ಎಷ್ಟು ಬಿಸಿ ಇರಬೇಕು ಎಂದು ಕೇಳಿದರೆ ಬೇಕಾದಷ್ಟು ಎನ್ನುವರು. ಬೇಕಾದಷ್ಟಾಯಿತು ಎಂದು ತಿಳಿಯುವುದು ಹೇಗೆ ಎಂದರೆ, ಆದಾಗ ತಿಳಿಯುತ್ತದೆ ಎನ್ನುವರು. ಸುಮ್ಮನೆ ಕೂತರೆ, ಕೂರುವುದಕ್ಕೂ ಕಾಲೇಜಿನಲ್ಲಿ ಪಾಠ ಇದೆಯೇ ಎಂದು ಕೇಳುವರು. ಕೈ ಹಾಕಿದರೆ, ಯಾರು ಹೇಳಿದರು ಎಂದು ಕೇಳುವರು. ಎರಡಕ್ಕೂ ಅದೇ ದನಿ, ಅದೇ ಮುಖ. ಸಿಟ್ಟೋ ತಮಾಷೆಯೋ ಬಲ್ಲವರಾರು. ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟ ಹಾಗಾಯಿತು ಅವಳಿಗೆ. ಟೀ ಕುಡಿಯುವ ಹೊತ್ತಿನಲ್ಲಿ ಅಕ್ಕನ ಹತ್ತಿರ ಹೇಳಿಕೊಂಡಳು.

“ಅವರು ಬೈದ್ರೆ ಬೈದ್ರು ಅಂತ ತಿಳ್ಕೋಬೇಡ,” ಎಂದಳು ಅಕ್ಕ. “ಬೈಲಿಲ್ಲ ಅಂದ್ರೆ ಬೈಲಿಲ್ಲ ಅಂತಾನೂ ತಿಳ್ಕೋಬೇಡ.”

ಇಷ್ಟು ಹೇಳಿ ಲೋಟ ತೊಳೆದಿಟ್ಟು ಯಂತ್ರ ಹಾಕಿದಳು. ಇದ್ದ ದಾರಿಯೂ ಮುಚ್ಚಿಕೊಂಡಿತು.

ಮೇಣದ ಕೋಣೆಯ ಗೋಡೆಯ ತುಂಬ ಫೋಟೊಗಳಿದ್ದವು. ಸೈಕಲ್ ಹಿಡಿದು ನಿಂತವರು, ತೊಡೆಯ ಮೇಲೆ ಮಗು ಇಟ್ಟುಕೊಂಡವರು, ಗುಂಪಿನ ಫೋಟೊದಿಂದ ಕತ್ತರಿಸಿ ತೆಗೆದ ಕಾರಣ ಪಕ್ಕದವರ ಭುಜವನ್ನೂ ಜೊತೆಗೆ ತಂದವರು. ಎಲ್ಲರೂ ಹಲ್ಲು ಬಿಟ್ಟು ನಗುತ್ತಿದ್ದರು. ಈ ಗಂಟುಮುಖದ ಮನುಷ್ಯನಿಗೆ ಎಂಥ ನಗುಮುಖದ ಬಳಗ ಎಂದು ಅವಳಿಗೆ ಬೆರಗು. ಒಂದು ದಿನ ಧೈರ್ಯ ಮಾಡಿ, ಕಿಟಕಿ ಪಕ್ಕದ ಫೋಟೊದಲ್ಲಿದ್ದ ಹೆಂಗಸನ್ನು ತೋರಿಸಿ, ಇವರು ನಿಮ್ಮ ಅತ್ತೆಯವರಾ ಸರ್ ಎಂದು ಕೇಳಿದಳು.

“ಹೂಂ. ಗೋಡೆ ಮೇಲಿರೋರೆಲ್ಲಾ ನಮ್ಮೋರೇ,” ಎಂದರು ಯಜಮಾನರು, ತಲೆ ಎತ್ತದೆ.

ಪಕ್ಕದ ಕೋಣೆಯಲ್ಲಿ ಅಕ್ಕನ ಯಂತ್ರ ಒಂದು ಗಳಿಗೆ ನಿಂತು, ಮತ್ತೆ ತಿರುಗಿತು. ಅಂದಿನಿಂದ ಅವಳು ಬೆಳಿಗ್ಗೆ ಬಂದವಳೇ ಯಜಮಾನರ ಬಳಗವನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಆಗಾಗ ಒಂದು ಮುಖ ಮಾಯವಾಗಿ ಅಲ್ಲಿ ಹೊಸ ಮುಖ ಕೂತಿರುತ್ತಿತ್ತು. ಜಗಳ ಆಡಿದವರನ್ನು ಇಳಿಸಿಬಿಡುತ್ತಾರೇನೋ ಎಂದು ಅದಕ್ಕೂ ತಾನೇ ಒಂದು ಕಾರಣ ಹೊಂದಿಸಿಕೊಂಡಳು. ಇಲ್ಲಿ ಹುಷಾರಾಗಿರಬೇಕು ಎಂದೂ ಅಂದುಕೊಂಡಳು.

ಹೀಗಿರಲು ಒಂದು ಶುಕ್ರವಾರ ಯಜಮಾನರು ಪ್ಲಾಸ್ಟರ್ ತರಲು ಹೋದರು. ಹೋಗುವಾಗ, ಕಿಟಕಿಯ ಹತ್ತಿರ ಇಟ್ಟ ಮೇಣದ ಸೆಟ್ಟನ್ನು ಡಾಕ್ಟರ ಕಡೆಯ ಆಳು ಬಂದರೆ ಕೊಟ್ಟು ಕಳಿಸು ಎಂದರು. ಯಾರೋ ಅಜ್ಜಿಯದು, ಮೇಲಿನ ಕೆಳಗಿನ ಪೂರ್ತಿ ಹಲ್ಲು. ಡಬ್ಬಿಗೆ ಹಾಕೋಣವೆಂದು ಕೈಗೆತ್ತಿಕೊಂಡವಳು ಅದನ್ನು ಕಣ್ಣಿನ ಹತ್ತಿರ ಹಿಡಿದಳು. ಮೇಲಿನ ಸಾಲಿನ ಎದುರು ಹಲ್ಲೊಂದು ಪಕ್ಕದ್ದರ ಮೇಲೆ ಅರ್ಧ ಹತ್ತಿಕೊಂಡು, ತುಸು ಹೊರಕ್ಕೆ ವಾಲಿ, ಜಾಗವಿಲ್ಲದ ಬಸ್ಸಿನಲ್ಲಿ ನಿಂತವರ ಹಾಗೆ ನಿಂತಿತ್ತು. ಕಿಟಕಿಯ ಬಿಸಿಲು ಸೀದಾ ಅದರ ಮೇಲೆ ಬೀಳುತ್ತಿತ್ತು. ಬಿಸಿಗೆ ಮೇಣ ಮೆತ್ತಗಾಗಿ ಹಲ್ಲು ಜರುಗುತ್ತದೆ ಎಂಬ ಪಾಠ ಅವಳಿಗೆ ಬಾಯಿಪಾಠ.

ಯಜಮಾನರಿಗೆ ಫೋನ್ ಮಾಡಿದಳು. ಅದು ಅಲ್ಲೇ ಮೇಜಿನ ಮೇಲೆ ಬಡಕೊಂಡಿತು. ಅಕ್ಕ ಊಟಕ್ಕೆ ಹೋಗಿದ್ದಳು. ಕೆಳಗೆ ಆಳಿನ ಸ್ಕೂಟರು ನಿಂತ ಸದ್ದಾಯಿತು. ಹೀಗೇ ಕಳಿಸಿದರೆ ನೋಡಿಯೂ ಕಳಿಸಿದೆಯಾ ಎನ್ನುತ್ತಾರೆ. ಸರಿ ಮಾಡಿದರೆ ಯಾರು ಹೇಳಿದರು ಎನ್ನುತ್ತಾರೆ. ಎರಡನೆಯದನ್ನು ಕೇಳಿ ಅಭ್ಯಾಸವಾಗಿತ್ತು. ದೀಪ ಹೊತ್ತಿಸಿ, ಚಾಕುವಿನ ತುದಿ ಕಾಯಿಸಿ, ಹಲ್ಲಿನ ಬುಡದ ಮೇಣ ಕರಗಿಸಿ, ಅದನ್ನು ಸಾಲಿಗೆ ತಂದು ನೆಟ್ಟಗೆ ನಿಲ್ಲಿಸಿದಳು. ಆ ಮಹಡಿ ಹತ್ತಿದ ಮೇಲೆ ತಾನು ಮಾಡಿದ್ದು ಏನೆಂದು ತನಗೇ ಸ್ಪಷ್ಟವಿದ್ದ ಮೊದಲ ಕೆಲಸ ಅದು. ಆ ಸಂಜೆ ಪುಟ್ಟಿಗೆ ತುತ್ತಿಡುವಾಗ ಹಾಡು ತಾನಾಗಿ ಬಂತು.

ಸೋಮವಾರ ಡಾಕ್ಟರ ಫೋನ್ ಬಂತು. ಯಜಮಾನರು ಹೂಂ ಎಂದರು, ಇನ್ನೊಮ್ಮೆ ಹೂಂ ಎಂದರು, ಕೆಳಗಿಟ್ಟು, ಅಜ್ಜಿಯ ಸೆಟ್ಟನ್ನು ಮುಟ್ಟಿದವರು ಯಾರು ಎಂದು ಕೇಳಿದರು. ನಾನೇ ಸರ್, ಬಿಸಿಲಿಗೆ ಹಲ್ಲು ಜರುಗಿತ್ತು, ಸರಿ ಮಾಡಿದೆ ಎಂದಳು. ಅವರು ಎದ್ದು ಹೋಗಿ ಕಿಟಕಿ ಪಕ್ಕದ ಫೋಟೊವನ್ನು, ಅದೇ ತಮ್ಮ ‘ಅತ್ತೆ’ಯನ್ನು, ಗೋಡೆಯಿಂದ ತೆಗೆದು ಅವಳ ಕೈಗಿಟ್ಟರು.

“ಇದೂ ಬಿಸಿಲಿಗೇ ಜರುಗಿದ್ದಾ?”

ಫೋಟೊದ ಹೆಂಗಸು ನಗುತ್ತಿದ್ದಳು, ಬಾಯಿಯ ಕಡೆ ಎದ್ದ ಕೈ ಇನ್ನೂ ಅರ್ಧದಲ್ಲೇ ಇತ್ತು. ಮೇಲಿನ ಸಾಲಿನಲ್ಲಿ ಎದುರು ಹಲ್ಲೊಂದು ಪಕ್ಕದ್ದರ ಮೇಲೆ ಅರ್ಧ ಹತ್ತಿಕೊಂಡು, ತುಸು ಹೊರಕ್ಕೆ ವಾಲಿತ್ತು.

ಅವಳಿಗೆ ಗೋಡೆ ಪೂರ್ತಿ ಒಮ್ಮೆಗೇ ಕಣ್ಣಿಗೆ ಬಿತ್ತು. ಇವರ್ಯಾರೂ ಬಳಗವಲ್ಲ. ಹಲ್ಲು ಕಟ್ಟಿಸಿಕೊಳ್ಳುವವರಿಂದ ಡಾಕ್ಟರ ಮೂಲಕ ಹಳೆಯ ನಗುವ ಫೋಟೊ ಕೇಳಿ ತರಿಸಿಕೊಂಡು, ಇದ್ದ ಹಾಗೇ ಹಲ್ಲು ಕೂರಿಸುವುದು ಈ ಮನುಷ್ಯನ ಪದ್ಧತಿ. ಕೆಲಸ ಮುಗಿದರೆ ಫೋಟೊ ವಾಪಸು. ತಾನು ಇಷ್ಟು ದಿನ ಭಯಭಕ್ತಿಯಿಂದ ಒರೆಸಿದ್ದು ಊರವರ ಬಾಯಿಗಳನ್ನು. ಪಕ್ಕದ ಕೋಣೆಯಲ್ಲಿ ಅಕ್ಕ ಯಂತ್ರ ನಿಲ್ಲಿಸಿ ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದಳು, ಭುಜ ಕುಲುಕುತ್ತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ತಪ್ಪಾಯಿತು ಎಂದು ಬಿಡಬಹುದಿತ್ತು. ಆದರೆ ಡಾಕ್ಟರು ಹೇಳಿದ್ದು ಬೇರೆ. ಇದು ಅಮ್ಮನ ಬಾಯಲ್ಲ ಎಂದು ಅಜ್ಜಿಯ ಮಗಳು ಹಟ ಹಿಡಿದಿದ್ದಳು. ನನಗೆ ಇದೇ ಬೇಕು ಎಂದು ಅಜ್ಜಿಯ ಹಟ. ಇಬ್ಬರ ನಡುವೆ ಸಿಕ್ಕಿ ಸಾಕಾದ ಡಾಕ್ಟರು, ಹಲ್ಲು ಕಟ್ಟಿದವರ ಹತ್ತಿರವೇ ತೀರ್ಮಾನ ಮಾಡಿಕೊಳ್ಳಿ ಎಂದು ತಾಯಿ ಮಗಳಿಬ್ಬರನ್ನೂ ಮರುದಿನ ಇಲ್ಲಿಗೆ ಅಟ್ಟುವವರಿದ್ದರು. ಹಾಗಾದರೆ ಮಾಡಿದ್ದು ತಪ್ಪೋ ಸರಿಯೋ? ಯಜಮಾನರು ಫೋಟೊವನ್ನು ಅವಳ ಕೈಯಿಂದ ತೆಗೆದು ಮತ್ತೆ ಗೋಡೆಗೆ ಸಿಕ್ಕಿಸಿದರು. ಮೇಷ್ಟ್ರ ಫೋನ್ ಬರುವುದೂ ಅದೇ ವಾರ.

ರಾತ್ರಿ ಅಡಿಗೆಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದಳು. ಕೊಟ್ಟು ಕಳಿಸು ಎಂದರೆ ಕೊಟ್ಟು ಕಳಿಸಬಾರದಿತ್ತೇ ಎಂದು ಅತ್ತೆ ಗದರಿದರು. ಪಾತ್ರೆ ಒರೆಸಿಟ್ಟು, ಆದರೂ ಸೊಟ್ಟ ಹಲ್ಲನ್ನು ಕಣ್ಣಾರೆ ಕಂಡು ಸುಮ್ಮನೆ ಹೇಗೆ ಕಳಿಸುವುದು ಎಂದೂ ಅಂದರು. ಅವಳಿಗೆ ಇದ್ದ ಗೊಂದಲದ ಜೊತೆಗೆ ಇದೊಂದು.

ಮರುದಿನ ಅಜ್ಜಿ ಮಗಳ ತೋಳು ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಗುಳಿಬಿದ್ದ ಕೆನ್ನೆ, ಒಳಕ್ಕೆ ಸೇರಿದ ತುಟಿ, ಚುರುಕು ಕಣ್ಣು. ಕೂತ ಮೇಲೆ, ಮೇಣದ ಸೆಟ್ಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮೊದಲು ಮಾತಾಡಿದ್ದು ಮಗಳು.

“ಇದನ್ನ ಹಾಕ್ಕೊಂಡು ಅಮ್ಮ ಬಾಯಿಬಿಟ್ರೆ ಪಕ್ಕದ್ಮನೆಯವರು ಮಾತಾಡ್ದಂಗಿದೆ. ನಂಗೆ ನಮ್ಮಮ್ಮ ಬೇಕು.”

“ನಿಂಗೇನಮ್ಮಾ,” ಎಂದರು ಅಜ್ಜಿ. “ಆ ಹಲ್ಲಿನ ದೆಸೆಯಿಂದ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ನಕ್ಕಿದ್ದೀನಿ ನಾನು, ಹುಡುಗಿ ಆದಾಗಿಂದ. ಅದೊಂದಾದ್ರೂ ಉದುರಿ ಹೋಯ್ತಲ್ಲ ಅಂತಿದ್ರೆ, ಮತ್ತೆ ತಂದು ನೆಡ್ತೀರಾ?”

ಯಜಮಾನರು ಇಬ್ಬರನ್ನೂ ನೋಡಿ, ಮೂಲೆಯಲ್ಲಿ ನಿಂತವಳ ಕಡೆ ತಿರುಗಿದರು. “ಕಾಲೇಜು, ಮುಟ್ಟಿದ್ದು ನೀನು. ನೀನೇ ಹೇಳು.”

ಅತ್ತ ದರಿ, ಇತ್ತ ಪುಲಿ. ಸೊಟ್ಟಗೇ ಇರಲಿ ಎಂದರೆ ತನ್ನ ತಪ್ಪನ್ನು ತಾನೇ ಸಾರಿದ ಹಾಗೆ. ನೆಟ್ಟಗಿರಲಿ ಎಂದರೆ, ಹೊರಗಿನವರೆದುರು ಯಜಮಾನರ ಪದ್ಧತಿಗೇ ಕಲ್ಲು ಹಾಕಿದ ಹಾಗೆ. ಮಗಳು ಹೇಳಿದ್ದೂ ನಿಜ ಅನ್ನಿಸಿತ್ತು, ಅಜ್ಜಿ ಹೇಳಿದ್ದಂತೂ ಇನ್ನೂ ನಿಜ.

“ನಂಗೆ ಗೊತ್ತಾಗ್ತಿಲ್ಲ ಸರ್,” ಎಂದಳು.

ಹಾಗೆಂದು ನಿಂತಿರಲೂ ಆಗಲಿಲ್ಲ. ಏನು ಬೇಕೆಂದು ಪುಟ್ಟಿಗೇ ತಿಳಿಯದೆ ರಚ್ಚೆ ಹಿಡಿದಾಗ ಕೇಳುತ್ತಾ ಕೂತರೆ ಪ್ರಯೋಜನವಿಲ್ಲ. ಒಂದೊಂದನ್ನೇ ಮುಂದೆ ಹಿಡಿದು ಮುಖ ನೋಡಬೇಕು. ಅವಳು ಕನ್ನಡಿ ತಂದು ಅಜ್ಜಿಯ ಕೈಗೆ ಕೊಟ್ಟಳು. ಮೇಣದ ಸೆಟ್ಟನ್ನು ಬಾಯಲ್ಲಿ ಕೂರಿಸಿ, ಸಾಕೆನಿಸಿದಾಗ ಹೇಳಿ ಅಜ್ಜಿ ಎಂದಳು. ತೆಗೆದು, ಬುಡ ಮೆತ್ತಗೆ ಮಾಡಿ, ಹಲ್ಲನ್ನು ಕೂದಲೆಳೆಯಷ್ಟು ಹೊರಕ್ಕೆ ಸರಿಸಿ, ತಣ್ಣೀರಲ್ಲಿ ಅದ್ದಿ ಮತ್ತೆ ಕೂರಿಸಿದಳು. ಅಜ್ಜಿ ಕನ್ನಡಿ ನೋಡಿದರು, ಮಗಳು ಅಜ್ಜಿಯನ್ನು ನೋಡಿದಳು. ಇಬ್ಬರೂ ತಲೆಯಾಡಿಸಿದರು, ಒಬ್ಬರು ಅತ್ತ, ಒಬ್ಬರು ಇತ್ತ. ಮತ್ತೆ ತೆಗೆ, ಮತ್ತೆ ಕಾಯಿಸು. ಅಜ್ಜಿ ಹಲ್ಲು ತೋರಿಸಲೆಂದು ತುಟಿ ಎಳೆದು ಹಿಡಿದು ಕೂತಿದ್ದರಿಂದ ಏನೂ ತಿಳಿಯುವಂತಿರಲಿಲ್ಲ. ಏನಾದರೂ ಮಾತಾಡಿ, ಮಗಳನ್ನು ಚಿಕ್ಕಂದಿನಲ್ಲಿ ಏನೆಂದು ಬೈಯುತ್ತಿದ್ದಿರಿ ಎಂದು ಕೇಳಿದಳು.

“ಗುಂಡುಕಲ್ಲು,” ಎಂದರು ಅಜ್ಜಿ ತಡವಿಲ್ಲದೆ. “ಎತ್ಕೊಂಡ್ರೆ ಸೊಂಟ ಬಿದ್ಹೋಗೋದು.”

ಗುಂಡುಕಲ್ಲು ಈಗ ಕನ್ನಡಕ ಹಾಕಿಕೊಂಡು, ಕೈಚೀಲ ಅಪ್ಪಿಕೊಂಡು ಕೂತಿತ್ತು. ಪಾಲಿಶ್ ಅಕ್ಕ ಬಾಗಿಲಲ್ಲಿ ಕಿಸಕ್ಕೆಂದಳು. ಅಜ್ಜಿಗೂ ನಗು ಉಕ್ಕಿತು. ನಗುತ್ತಲೇ ಕೈ ಬಾಯಿಯ ಕಡೆ ಎದ್ದಿತು. ಮಗಳು ಆ ಕೈಯನ್ನು ಅರ್ಧದಲ್ಲೇ ಹಿಡಿದು ಕೆಳಗಿಳಿಸಿ, ಅಮ್ಮನ ಮುಖವನ್ನೇ ನೋಡುತ್ತ ಕೂತಳು.

“ಇಷ್ಟೇ ಇರ್ಲಿ,” ಎಂದಳು ಕೊನೆಗೆ.

ಅಜ್ಜಿ ಕನ್ನಡಿಯನ್ನು ಇನ್ನೊಮ್ಮೆ ಹಿಡಿದು ನೋಡಿ, ಹೂಂ ಎಂದರು. ಹಲ್ಲು ಫೋಟೊದಷ್ಟು ಸೊಟ್ಟವಿರಲಿಲ್ಲ, ಶುಕ್ರವಾರದಷ್ಟು ನೆಟ್ಟಗೂ ಇರಲಿಲ್ಲ. ಅವರು ಹೋದ ಮೇಲೆ ಯಜಮಾನರು ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕೆಳಗಿಟ್ಟು, ಊಟ ಆಯಿತಾ ಎಂದು ಕೇಳಿದರು. ಉತ್ತರಕ್ಕೆ ಕಾಯದೆ ತಾವು ಊಟಕ್ಕೆ ಹೋದರು.

ಮೇಷ್ಟ್ರ ಫೋನ್ ಬಂದಾಗ ಅವಳು ಪ್ಲಾಸ್ಟರ್ ಕಲಸುತ್ತಿದ್ದಳು. ಈ ಕಡೆಯ ಮಾತಷ್ಟೇ ಕೇಳಿಸಿತು. ಹೇಳಿದ ಮಾತು ಕೇಳುವುದಿಲ್ಲ ಎಂದರು ಯಜಮಾನರು. ಹೇಳದ್ದನ್ನೂ ಮಾಡುತ್ತಾಳೆ ಎಂದರು. ಇಲ್ಲ ಇಲ್ಲ, ಬೇರೆ ಯಾರನ್ನೂ ಕಳಿಸಬೇಡಿ ಎಂದರು. ಅವಳ ಕೈಯಲ್ಲಿದ್ದ ಪ್ಲಾಸ್ಟರ್ ಬಟ್ಟಲಲ್ಲೇ ಗಟ್ಟಿಯಾಯಿತು. ಮುಗಿಯಿತು, ಕಾಲೇಜಿನ ಸಹವಾಸವೇ ಸಾಕೆನ್ನುವಷ್ಟು ಬೇಸರವಾಗಿದೆ ಇವರಿಗೆ ಎಂದುಕೊಂಡಳು. ಮನೆಗೆ ಹೋಗುವ ಬಸ್ಸಿನಲ್ಲಿ, ಊರಿಗೆ ಹೊರಡಲಿದ್ದ ಅತ್ತೆಗೆ ಏನು ಹೇಳಲಿ ಎಂದು ಮಾತು ಕೂಡಿಸಿ ಕಳೆದಳು.

ಮರುದಿನ ಮೇಷ್ಟ್ರು ಕರೆದು ಪಾಸು ಎಂದರು. ಯಾಕೆ ಸರ್ ಎಂದುಬಿಟ್ಟಳು. ಪಾಸಾದದ್ದು ಯಾಕೆ ಎಂದು ಕೇಳಿದ ಮೊದಲ ವಿದ್ಯಾರ್ಥಿ ನೀನೇ, ಹೋಗಿ ಅವರನ್ನೇ ಕೇಳಿಕೋ ಎಂದರು ಮೇಷ್ಟ್ರು. ಕೇಳಿಯೇ ಬಿಡೋಣವೆಂದು ಸೀದಾ ಮಹಡಿ ಹತ್ತಿದಳು.

“ಸರ್, ನಾನು ಮಾಡಿದ್ದು ಸರೀನಾ, ತಪ್ಪಾ?”

“ತಪ್ಪು,” ಎಂದರು ಯಜಮಾನರು. ಇನ್ನೊಂದು ಹಲ್ಲು ಆರಿಸಿ ಮೇಣಕ್ಕೆ ಒತ್ತಿದರು. “ಸೋಮವಾರ ಬೇಗ ಬಾ.”

ತರಬೇತಿ ಮುಗಿದ ಮೇಲೆ ಸೋಮವಾರ ಯಾಕೆ ಬರಬೇಕು ಎಂದು ಅವಳು ಅಕ್ಕನ ಮುಖ ನೋಡಿದಳು. ಅಕ್ಕ, ಕೆಲಸಕ್ಕೆ ಇಟ್ಟುಕೊಂಡರಲ್ಲೇ ದಡ್ಡಿ ಎಂದು ಪಿಸುಗುಟ್ಟಿ ಯಂತ್ರ ಹಾಕಿದಳು.

ಮನೆಗೆ ಬಂದು ಹೇಳಿದರೆ ಅತ್ತೆಗೂ ತಲೆಬುಡ ತಿಳಿಯಲಿಲ್ಲ. ತಪ್ಪು ಮಾಡಿದವರಿಗೆ ಪಾಸೂ ಕೊಟ್ಟು ಕೆಲಸವನ್ನೂ ಕೊಡುತ್ತಾರೆಯೇ ಈಗ ಎಂದು ಕೇಳಿದರು. ಖುಷಿಯಾಗಿ ಸೊಸೆಯ ತಲೆ ಸವರಿದರು. ಆಮೇಲೆ, ನಾನು ಹೊರಟರೆ ಈ ಮಗುವಿನ ಗತಿ ಏನು ಎಂದರು. ದಡ ಸೇರಿದರೆ ಸಾಕೆಂದು ಕೈಕಾಲು ಬಡಿದವಳಿಗೆ ದಡದಾಚೆಯ ಯೋಚನೆಯೇ ಬಂದಿರಲಿಲ್ಲ.

ಸೋಮವಾರ ಅವಳು ಒಂದು ಚಾದರ, ಹಾಲಿನ ಬಾಟಲಿ, ಬದಲಿಸುವ ಬಟ್ಟೆ ಎಲ್ಲ ಚೀಲಕ್ಕೆ ತುಂಬಿ, ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದಳು. ಬೇಡ ಎಂದರೆ ಇಳಿದರಾಯಿತು. ಯಜಮಾನರು ಕನ್ನಡಕ ಹಣೆಗೇರಿಸಿ ಮಗುವನ್ನು ನೋಡಿದರು.

“ಎಷ್ಟು ಹಲ್ಲು ಬಂದಿವೆ?”

ಅದು ಹೂಂ ಎಂದು ಹೇಳಿದ್ದೋ, ಊಹೂಂ ಎಂದು ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಮಗುವನ್ನು ಅಕ್ಕನ ಕೈಗೆ ಕೊಟ್ಟು, ಚೀಲ ಮೂಲೆಗಿಟ್ಟು, ದೀಪ ಹೊತ್ತಿಸಿದಳು.