ಅಡುಗೆಮನೆಯ ಗೋಡೆಯ ತೂತು

ಫೆಲ್ಥಮ್‌ನ ನಮ್ಮ ಮನೆಯ ಬಾಯ್ಲರ್ ನಮಗಿಂತ ಮೊದಲೇ ಆ ಮನೆಯಲ್ಲಿತ್ತು. ಅಡುಗೆಮನೆಯ ಮೂಲೆಯಲ್ಲಿ ನಿಂತು, ಗ್ಯಾಸ್ ಉರಿಸಿ ನೀರನ್ನೂ ಮನೆಯನ್ನೂ ಬಿಸಿಮಾಡುವ ಬಿಳಿ ತಗಡಿನ ಪೆಟ್ಟಿಗೆ. ಉರಿಯಲು ಬೇಕಾದ ಗಾಳಿಯನ್ನು ಅದು ಆ ಕೋಣೆಯಿಂದಲೇ ಎಳೆದುಕೊಳ್ಳುತ್ತಿತ್ತು. ಅದಕ್ಕೆಂದೇ ಹಿಂದಿನವರು ಹೊರಗೋಡೆಯ ಬುಡದಲ್ಲಿ ಒಂದು ತೂತು ಕೊರೆದು ಜಾಲರಿ ಕೂರಿಸಿದ್ದರು. ಪ್ರತಿ ವರ್ಷ ಗ್ಯಾಸ್ ಎಂಜಿನಿಯರ್ ಬಂದು, ಬಿಚ್ಚಿ ಗುಡಿಸಿ ಪರೀಕ್ಷಿಸಿ, ಹಳೆಯದಾದರೂ ಗಟ್ಟಿಯಿದೆ ಎಂದು ಹೇಳಿ ಹೋಗುತ್ತಿದ್ದರು.

ಕಳೆದ ಚಳಿಗಾಲದ ಹೊತ್ತಿಗೆ ಅತ್ತೆ ಉಡುಪಿ ಕಡೆಯಿಂದ ಬಂದು ನಮ್ಮೊಡನೆ ಇದ್ದರು. ಶನಿವಾರ ಸಣ್ಣ ಎಂಬ ನಮ್ಮ ಕಡೆಯ ಇಡ್ಲಿಗೆ ಹಿಟ್ಟು ರುಬ್ಬುವುದು, ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಬೇಯಿಸುವುದು ಅವರ ಪದ್ಧತಿ. ಈ ಊರಿನ ಚಳಿಗೆ ಹಿಟ್ಟು ಮಲಗಿದ ಮಗುವಿನ ಹಾಗೆ ಏಳುವುದೇ ಇಲ್ಲ. ಅವರು ಪಾತ್ರೆಗೆ ಹಳೆಯ ಶಾಲು ಸುತ್ತಿ ಬಾಯ್ಲರಿನ ಪಕ್ಕ ಇಡುತ್ತಿದ್ದರು. ತಾವೂ ಅಲ್ಲೇ ಕುರ್ಚಿ ಹಾಕಿಕೊಂಡು ಬೀನ್ಸ್ ನಾರು ತೆಗೆಯುತ್ತಾ ಕೂರುತ್ತಿದ್ದರು.

ಡಿಸೆಂಬರಿನಲ್ಲಿ ಅವರಿಗೆ ತಲೆನೋವು ಶುರುವಾಯಿತು. ಇಲ್ಲಿ ಜಿಪಿ ಎಂದು ಕರೆಯುವ ನಮ್ಮ ಡಾಕ್ಟರು ನೋಡಿ, ಹೊಸ ಹವೆ, ಒಗ್ಗಲು ಸಮಯ ಬೇಕು ಎಂದರು. ವಿಚಿತ್ರವೆಂದರೆ ಬಸ್ಸಿಗೆ ಕಾಯುವಾಗ ನೋವು ಸಡಿಲವಾಗುತ್ತಿತ್ತು, ಚರ್ಚು ತಲುಪುವಾಗ ಪೂರ್ತಿ ಹೋಗಿರುತ್ತಿತ್ತು. ಅತ್ತೆಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಮಾತೆಯ ಮುಂದೆ ಮೊಣಕಾಲೂರಿದ ಮೇಲೆ ತಲೆನೋವು ಉಳಿಯುತ್ತದಾ ಎಂದು ನನ್ನನ್ನೇ ಕೇಳುತ್ತಿದ್ದರು. ನಾನೂ ಅರ್ಧ ನಂಬಿದ್ದೆ.

ನಂಬಿಕೆ ಕದಡಿದ್ದು ಒಂದು ಶನಿವಾರ ಬೆಳಿಗ್ಗೆ. ಕಿಟಕಿಯ ಗಾಜಿನಲ್ಲಿ ಎಂದೂ ಇಲ್ಲದಷ್ಟು ನೀರು ಇಳಿಯುತ್ತಿತ್ತು. ಒರೆಸುತ್ತಾ ಬಾಯ್ಲರಿನ ಹತ್ತಿರ ಬಂದಾಗ ಅದರ ಮೈಮೇಲೆ ಕಂದು ಬಣ್ಣದ ಕಲೆ ಕಂಡಿತು. ಬಗ್ಗಿ ಅದರ ಪುಟ್ಟ ಗಾಜಿನ ಕಿಂಡಿಯೊಳಗೆ ನೋಡಿದೆ. ನೀಲಿಯಾಗಿರಬೇಕಾದ ಉರಿ ಹಳದಿಯಾಗಿ, ನಿಧಾನವಾಗಿ ಓಲಾಡುತ್ತಿತ್ತು.

"ಚಂದ ಉಂಟಲ್ಲ? ಚರ್ಚಿನ ಆಲ್ತಾರಿನ ಮೇಣದಬತ್ತಿಯ ಹಾಗೆ," ಎಂದರು ಅತ್ತೆ ಹಿಂದಿನಿಂದ.

ನಾನು ಕಲಿತ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಬರ್ನರಿನ ಗಾಳಿಕಿಂಡಿ ಮುಚ್ಚಿ, ಹಳದಿ ಉರಿಯ ಮೇಲೆ ಪಿಂಗಾಣಿ ಬಟ್ಟಲು ಹಿಡಿದು, ಅದರ ತಳಕ್ಕೆ ಮಸಿ ಕೂರುವುದನ್ನು ತೋರಿಸಿದ್ದರು. ಗಾಳಿ ಸಾಲದ ಉರಿ ವಿಷ ಉಗುಳುತ್ತದೆ ಎಂದಿದ್ದರು. ನಾನು ಬಾಯ್ಲರ್ ಆರಿಸಿದೆ.

ನನ್ನವರು ವಿಮಾನ ನಿಲ್ದಾಣದಲ್ಲಿ ಸಾಮಾನು ಎಳೆಯುವ ಗಾಡಿಗಳ ರಿಪೇರಿ ಮಾಡುವವರು. ಬರ್ನರಿಗೆ ಮಸಿ ಹಿಡಿದಿರಬೇಕು, ಒಂದು ಬ್ರಶ್ ಹಾಕಿದರೆ ಆಯಿತು ಎನ್ನುತ್ತಾ ಸ್ಕ್ರೂಡ್ರೈವರ್ ತಂದೇಬಿಟ್ಟರು. ಅತ್ತೆ ಮಗನ ಪರವಾದರು. "ಅವ ಸಣ್ಣದಿರುವಾಗಲೇ ನಮ್ಮ ಪಂಪು ಬಿಚ್ಚಿ ಜೋಡಿಸಿದವ."

"ಜೋಡಿಸಿದ ಮೇಲೆ ನೀರು ಬಂತಾ, ಮಾಂಯ್?" ಎಂದೆ. ನಮ್ಮಲ್ಲಿ ಗಂಡನ ತಾಯಿಯನ್ನು ಕರೆಯುವುದು ಹಾಗೆ.

ಅತ್ತೆ ಸ್ವಲ್ಪ ಯೋಚಿಸಿದರು. "ನೀರು ಬಂದದ್ದು ಮೆಕ್ಯಾನಿಕ್ ಬಂದು ಹೋದ ಮೇಲೆ."

ನನ್ನವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಕಿಟಕಿ ಬಾಗಿಲು ತೆರೆದು, ಮಗಳನ್ನೂ ಎಬ್ಬಿಸಿ, ಎಲ್ಲರೂ ಕೋಟು ಹಾಕಿ ಹೊರಗೆ ನಿಂತು, ಗ್ಯಾಸಿನ ತುರ್ತು ಸೇವೆಗೆ ಫೋನ್ ಮಾಡಿದೆವು. ಬಂದವರು ಗ್ಯಾಸ್ ನಿಲ್ಲಿಸಿ, ಬಾಯ್ಲರ್ ಬಳಸಕೂಡದೆಂದು ಚೀಟಿ ಅಂಟಿಸಿದರು; ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಕಂಡುಬಂತು. ಆಮ್ಲಜನಕದ ಮಾಸ್ಕ್ ಹಾಕಿ ಮಲಗಿಸಿ, ಸಂಜೆ ಮನೆಗೆ ಕಳಿಸಿದರು. ನಮ್ಮ ಮನೆಯಲ್ಲಿ ಹೊಗೆಯ ಅಲಾರಂ ಇತ್ತು, ಆದರೆ ಅದಕ್ಕೆ ಈ ಗಾಳಿ ತಿಳಿಯುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅಲಾರಂ ಬೇರೆಯೇ ಎಂಬುದು ಆ ದಿನ ಗೊತ್ತಾಯಿತು.

ಸೋಮವಾರ ನಮ್ಮ ಎಂಜಿನಿಯರ್ ಬಂದರು. ಬರ್ನರ್ ಬಿಚ್ಚಿ ಮಸಿ ತೆಗೆದರು, ಹೊಗೆಕೊಳವೆ ನೋಡಿದರು. ಕೊನೆಗೆ ಜಾಲರಿ ಎಲ್ಲಿ ಎಂದು ಹುಡುಕಿದರು. ಅದರ ಮುಂದೆ ಅಕ್ಕಿಯ ಮೂಟೆ ಕೂತಿತ್ತು. ಮೂಟೆ ಸರಿಸಿ, ಸಡಿಲವಾಗಿದ್ದ ಜಾಲರಿ ತೆಗೆದು, ತೂತಿನಿಂದ ಒಂದು ಬಟ್ಟೆಯನ್ನು ಎಳೆದರು. ಎಳೆದಷ್ಟೂ ಬಂತು. ಹಸಿರು ಮೈಯಲ್ಲಿ ಬಿಳಿ ಹೂವು, ಒಗೆದೊಗೆದು ಮೆತ್ತಗಾದ ವಾಯಿಲ್ ಸೀರೆಯ ತುಂಡು. ಹಿಟ್ಟಿಗೆ ತಣ್ಣನೆ ಗಾಳಿ ತಾಗಬಾರದೆಂದು ಅತ್ತೆ ತುರುಕಿದ್ದು.

ಎಂಜಿನಿಯರ್ ಹೇಳಿದ್ದು ಸ್ಪಷ್ಟವಾಗಿತ್ತು: ಹೀಗೆಯೇ ಬಿಟ್ಟಿದ್ದರೆ ಒಂದು ದಿನ ಆ ಕುರ್ಚಿಯಲ್ಲಿ ಕೂತವರು ಏಳುತ್ತಿರಲಿಲ್ಲ. ನನ್ನವರು ತಾಯಿಗೆ ಕೊಂಕಣಿಯಲ್ಲಿ ಹೇಳಿದ್ದು ಮಾತ್ರ, ಗಾಳಿಗೆ ಸ್ವಲ್ಪ ಅಡ್ಡವಾಗಿತ್ತು, ಈಗ ಸರಿಯಾಯಿತು, ಅಷ್ಟೆ. ಅಮ್ಮ ನೊಂದುಕೊಂಡಾರು ಎಂಬ ಭಯ. ನನಗೂ ಆ ಭಯ ಇತ್ತು. ಆದರೆ ನೋಯಿಸದಿರುವುದೇ ಪ್ರೀತಿ ಎಂದುಕೊಂಡರೆ, ಮುಂದಿನ ಚಳಿಗೆ ಅವರು ಇನ್ನೊಂದು ಬಟ್ಟೆ ಹುಡುಕುತ್ತಾರೆ. ಎಂಜಿನಿಯರ್ ಹೋದ ಮೇಲೆ ಚಹಾ ಮಾಡಿ ಎದುರು ಕೂತು, ಎಲ್ಲವನ್ನೂ ಹೇಳಿದೆ. ಏಳುತ್ತಿರಲಿಲ್ಲ ಎಂಬುದನ್ನೂ ಹೇಳಿದೆ.

ಅವರು ಅಳಲಿಲ್ಲ. ಲೋಟದ ಅಂಚನ್ನು ಬೆರಳಿನಿಂದ ಸವರುತ್ತಾ ಮೇಜಿನತ್ತ ನೋಡಿದರು.

"ಮಗು ಶಾಲೆಯಿಂದ ಬಂದು ಹೋಮ್‌ವರ್ಕ್ ಮಾಡುವುದು ಇದೇ ಮೇಜಿನಲ್ಲಿ ಅಲ್ವಾ?"

"ಹೌದು, ಮಾಂಯ್."

ಮತ್ತೆ ಆ ವಾರವಿಡೀ ಮಾತು ಕಡಿಮೆ. ಸೊಸೆ ಹೇಳಬಾರದ್ದನ್ನು ಹೇಳಿದಳು ಎಂದು ನೊಂದರೋ, ಊರಿಗೆ ಟಿಕೆಟ್ ಮಾಡಿ ಎನ್ನುತ್ತಾರೋ ಎಂದು ನಾನು ಒಳಗೊಳಗೇ ಹೆದರಿಕೊಂಡಿದ್ದೆ. ನನ್ನವರು ನನ್ನತ್ತ ನೋಡುವ ನೋಟದಲ್ಲೂ ಅದೇ ಇತ್ತು.

ಭಾನುವಾರ ಪೂಜೆಯ ನಂತರ ಚರ್ಚಿನ ಸಭಾಂಗಣದಲ್ಲಿ ಚಹಾ ಇರುತ್ತದೆ. ನಮ್ಮ ಕಡೆಯ ಹಿರಿಯ ಹೆಂಗಸರು ಒಂದು ಮೇಜಿಗೆ ಸೇರುತ್ತಾರೆ. ಅತ್ತೆ ಕೂರಲಿಲ್ಲ. ಒಬ್ಬೊಬ್ಬರ ಹತ್ತಿರ ಹೋಗಿ, ಕೈ ಹಿಡಿದು, ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ಗಾಳಿಯ ತೂತು ಉಂಟಾ, ಅದಕ್ಕೆ ಏನಾದರೂ ತುರುಕಿದ್ದೀರಾ ಎಂದು ಕೇಳತೊಡಗಿದರು. ಕೆಲವರು ನಕ್ಕರು. ತಾನು ಮುಚ್ಚಿದ್ದನ್ನು, ಆಸ್ಪತ್ರೆಯ ಮಾಸ್ಕನ್ನು, ಮೊಮ್ಮಗಳು ಕೂರುವ ಮೇಜನ್ನು ಅತ್ತೆ ಏನೂ ಬಿಡದೆ ಹೇಳಿದರು. ನಗು ನಿಂತಿತು.

ಮೇಜಿನ ತುದಿಯಲ್ಲಿದ್ದ ವಿಧವೆಯೊಬ್ಬರು ಕಪ್ಪನ್ನು ಕೆಳಗಿಟ್ಟರು. "ನಮ್ಮಲ್ಲಿ ಪೇಪರ್ ತುಂಬಿಸಿದ್ದೇನೆ. ಕಾಲಿಗೆ ಬಹಳ ಚಳಿ."

ಅತ್ತೆ ನನ್ನ ಕಡೆ ತಿರುಗಿದರು. ಆ ವಾರದಲ್ಲಿ ಮೊದಲ ಸಲ ನೇರವಾಗಿ ನೋಡಿದರು.

"ಕೋಟು ಹಾಕು, ಮಗಾ. ಮೊದಲು ಇವರ ಮನೆಗೆ ಹೋಗುವ."